ಸವಳು ನೀರಿಗೆ ಬುರುಗು ಏಳೂದಿಲ್ಲ

ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ ಬೆಳಿಗ್ಗೆ ಅಪ್ಪ ಎಡಗೈಯಿಂದ ಗಲ್ಲ ಸವರಿಕೊಂಡು ನನ್ನ ಕಡೆ ನೋಡಿದರು. ದೀಪಾವಳಿ ಮುಗಿದ ವಾರಕ್ಕೆ ಲಕ್ವಾ ಹೊಡೆದಿತ್ತು. ಬಲಗಾಲು ಎಳೆಯುತ್ತಿತ್ತು. ಬಲಗೈ ಎದೆಗೆ ಹೊಲಿದಿಟ್ಟಂತೆ ಮಡಚಿಕೊಂಡು ಕೂತಿತ್ತು. ಮಾತು ಒಂದೊಂದೇ ಶಬ್ದವಾಗಿ, ಬಾಯಲ್ಲಿ ರವೆ ಇಟ್ಟುಕೊಂಡು ಆಡಿದ ಹಾಗೆ ಬರುತ್ತಿತ್ತು. ಮುಖದ ಮೇಲೆ 11 ದಿನದ ಬಿಳಿ ಗಡ್ಡ.

ಗದಗಿನ ದಲಾಲಿ ಅಂಗಡಿಯೊಂದರಲ್ಲಿ 38 ವರ್ಷ ಹತ್ತಿ, ಶೇಂಗಾ, ಒಣಮೆಣಸಿನಕಾಯಿ ಲೆಕ್ಕ ಬರೆದವರು ಅಪ್ಪ. ಅಷ್ಟು ವರ್ಷದಲ್ಲಿ ಗಡ್ಡ ಬಿಟ್ಟುಕೊಂಡು ಗಾದಿಯ ಮೇಲೆ ಕೂತದ್ದು ಅಜ್ಜ ತೀರಿಕೊಂಡಾಗ ಮಾತ್ರ. ಅವರ ಕಾಲದಲ್ಲಿ ಗಡ್ಡ ಬಂದ ಗಂಡಸನ್ನು ಕಂಡರೆ “ಮನ್ಯಾಗ ಏನರ ಆಗೇತೇನ್ರಿ?” ಅಂತ ಕೇಳುತ್ತಿದ್ದರಂತೆ. ಈಗಿನ ಹುಡುಗರ ಗಡ್ಡ ನೋಡಿದಾಗೆಲ್ಲ ಅವರಿಗೆ ಊರ ತುಂಬ ಸೂತಕ ಕಂಡಿರಬೇಕು.

ದಾಡಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನಾನು ಹುಬ್ಬಳ್ಳಿಯ ಕಚೇರಿಗೆ ರೈಲಿನಲ್ಲಿ ಓಡಾಡುವವನು. ಬೆಳಿಗ್ಗೆ ಟ್ಯೂಬಿನ ಕ್ರೀಮು ಬಳಿದು, ಎರಡು ನಿಮಿಷದಲ್ಲಿ ಕೆರೆದುಕೊಂಡು, ಹುಲಕೋಟಿ ದಾಟುವ ಹೊತ್ತಿಗೆ ಗಲ್ಲದ ಉರಿ ಮರೆತಿರುತ್ತಿದ್ದೆ. ಅದೇ ಟ್ಯೂಬು ಹಿಡಿದು ಅಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಅವರು ಮೂಸಿ ನೋಡಿ, ಎಡಗೈಯಿಂದ ದೂಡಿ, “ಬ್ಯಾಡ” ಅಂದರು. ಆಸ್ಪತ್ರೆಯಿಂದ ಬಂದ ಮೇಲೆ ಸ್ಪಷ್ಟವಾಗಿ ಬಂದ ಮೊದಲ ಶಬ್ದ ಅದು. ಆಮೇಲೆ ಬೆರಳು ಬಚ್ಚಲಮನೆಯ ಕಡೆ ಹೋಯಿತು.

ಬಚ್ಚಲಿನ ಮಾಡದಲ್ಲಿ ಅವರ ದಾಡಿ ಸಾಮಾನು ಇತ್ತು. ಅಂಚು ನೆಗ್ಗಿದ ಹಿತ್ತಾಳೆಯ ವಾಟಗಾ, ಅದರ ತಳಕ್ಕೆ ಒತ್ತಿ ಕೂರಿಸಿದ ದುಂಡನೆಯ ದಾಡಿ ಸಬಕಾರ, ಕಟ್ಟಿಗೆ ಹಿಡಿಕೆಯ ಬ್ರಶ್ಶು, ಎರಡು ಬಾಯಿ ಬ್ಲೇಡಿನ ರೇಜರು, ಪಟಿಕದ ಹರಳು. ನಾನು ಹುಟ್ಟಿದಾಗಿನಿಂದ ಈ ಸಾಮಾನಿನ ಜಾಗ ಬದಲಾಗಿಲ್ಲ. ಅದಕ್ಕೆ ಅಜ್ಜಿಯ ಕಟ್ಟಪ್ಪಣೆಯೇ ಕಾರಣ. ಬ್ರಶ್ಶು ಹಂದಿ ಕೂದಲಿನದು ಅಂತ ಯಾರೋ ಆಕೆಯ ಕಿವಿಗೆ ಹಾಕಿದ್ದರು. ಅದು ನಿಜವೂ ಹೌದು. ಅಂದಿನಿಂದ ಬ್ರಶ್ಶು ಬಚ್ಚಲಿನ ಹೊಸ್ತಿಲು ದಾಟುವ ಹಾಗಿರಲಿಲ್ಲ. ಅಜ್ಜಿಯದು ಮಡಿಯ ಮಾತು, ಆದರೆ ಬ್ರಶ್ಶಿಗೆ ಹೆದರಿದವಳು ಆಕೆ ಒಬ್ಬಳೇ ಅಲ್ಲ. ಮೊದಲನೇ ಮಹಾಯುದ್ಧದ ಕಾಲದಲ್ಲಿ ಸರಿಯಾಗಿ ಶುದ್ಧ ಮಾಡದ ಕುದುರೆ ಕೂದಲಿನ ಬ್ರಶ್ಶುಗಳಿಂದ ಇಂಗ್ಲೆಂಡು, ಅಮೆರಿಕಗಳಲ್ಲಿ ಸೈನಿಕರಿಗೆ ಮುಖದ ಮೇಲೆ ಆಂಥ್ರಾಕ್ಸ್ ಹುಣ್ಣಾಗಿ ಜನ ಸತ್ತದ್ದುಂಟು.

ಸರಿ, ವಾಟಗಾ ತಂದೆ. ಹಂಡೆಯಿಂದ ಒಂದು ತಂಬಿಗೆ ಬಿಸಿನೀರು ತಂದೆ. ಬ್ರಶ್ಶು ಅದ್ದಿ ಸಬಕಾರದ ಮೇಲೆ ತಿರುವಿದೆ. ತಿರುವಿದೆ, ತಿರುವಿದೆ, ತೋಳು ಸೋಲುವ ತನಕ ತಿರುವಿದೆ. ಬಂದದ್ದು ಏನು? ಒಡೆದ ಹಾಲಿನ ನೀರಿನಂಥ ಬಿಳಿ ಕದಡು, ಮೇಲೆ ನಾಲ್ಕು ದೊಡ್ಡ ಗುಳ್ಳೆ. ಅಪ್ಪನ ಗಲ್ಲಕ್ಕೆ ಹಚ್ಚಿದರೆ ಅರ್ಧ ಕುತ್ತಿಗೆಗೆ ಇಳಿಯಿತು, ಉಳಿದರ್ಧ ನಾನು ಬ್ಲೇಡು ಎತ್ತಿಕೊಳ್ಳುವಷ್ಟರಲ್ಲಿ ಒಣಗಿ ಸುಣ್ಣದ ಗೀಟಾಯಿತು. ಅಂದು ಹೇಗೋ ಮುಗಿಸಿದೆ. ಮೂರು ಕಡೆ ರಕ್ತ. ಪಟಿಕ ಹಚ್ಚಿದಾಗ ಅಪ್ಪ ಕಣ್ಣು ಮುಚ್ಚಿಕೊಂಡರು. ಉರಿ ತಾಳಲಾರದೆ ಮುಚ್ಚಿದರೋ, ನನ್ನ ಕೈಗುಣ ನೋಡಲಾರದೆ ಮುಚ್ಚಿದರೋ ಗೊತ್ತಾಗಲಿಲ್ಲ.

ಎರಡು ವಾರ ಇದೇ ಕಥೆ. ಸಬಕಾರ ಹಳೆಯದಾಗಿದೆ ಅಂತ ಹೊಸದು ತಂದೆ. ಬ್ರಶ್ಶು ಸವೆದಿದೆ ಅಂತ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಹುಡುಕಿ ಇನ್ನೊಂದು ತಂದೆ. ಏನು ಮಾಡಿದರೂ ಅದೇ ಕದಡು. ಅಪ್ಪ ಪ್ರತಿಸಲ ಏನೋ ಹೇಳಲು ಹೋಗುತ್ತಿದ್ದರು. ತುಟಿ ಸೊಟ್ಟಗಾಗಿ, ಕಣ್ಣು ಕೆಂಪಾಗಿ, ಕೊನೆಗೆ ಒಂದೇ ಶಬ್ದ: “ನೀರ… ನೀರ.” ಬೆರಳು ಅಡಿಗೆಮನೆಯ ಕಡೆ.

ಬಾಯಾರಿಕೆ ಅಂತ ನಾನು ಎದ್ದು ಹೋಗಿ ಅಡಿಗೆಮನೆಯ ಕೊಡದಿಂದ ನೀರು ತಂದು ಬಾಯಿಗೆ ಹಿಡಿಯುತ್ತಿದ್ದೆ. ಅವರು ತಲೆ ಅಲ್ಲಾಡಿಸುತ್ತಿದ್ದರು. ನಾನು “ಸ್ವಲ್ಪ ಕುಡಿ ಅಪ್ಪಾ, ಡಾಕ್ಟರು ಹೇಳ್ಯಾರ” ಅನ್ನುತ್ತಿದ್ದೆ. ನನ್ನ ಸಮಾಧಾನಕ್ಕೆ ಒಂದು ಗುಟುಕು ಕುಡಿದು ಮುಖ ತಿರುಗಿಸುತ್ತಿದ್ದರು. ಅವ್ವ ಆಗ ಒಲೆಯ ಮುಂದೆ ಇರುತ್ತಿದ್ದಳು. ಅವಳಿಗೆ ನಮ್ಮ ಬಚ್ಚಲಿನ ಪಂಚಾಯಿತಿ ಕೇಳುತ್ತಿರಲಿಲ್ಲ.

ಅದಾದ ಮೇಲೆ ವ್ಯಾಯಾಮದ ಚಿಕಿತ್ಸೆಗೆಂದು ಅಪ್ಪನನ್ನು ಧಾರವಾಡಕ್ಕೆ ಅಕ್ಕನ ಮನೆಗೆ ಕರೆದುಕೊಂಡು ಹೋದೆವು. ಸಾಮಾನೂ ಜೊತೆಗೆ ಹೋಯಿತು. ಮರುದಿನ ಬೆಳಿಗ್ಗೆ ಅಕ್ಕನ ಬಚ್ಚಲಿನಲ್ಲಿ ನಳದ ನೀರು ಹಿಡಿದು, ಕಾಯಿಸಿ, ಬ್ರಶ್ಶು ತಿರುವಿದೆ. ಮೂವತ್ತು ಸುತ್ತಿಗೆ ವಾಟಗಾ ತುಂಬಿತು. ಬೆಳ್ಳಗೆ, ಒತ್ತೊತ್ತಾಗಿ, ಎಮ್ಮೆ ಹಾಲಿನ ಕೆನೆಯಂತೆ. ಅಂಚು ಮೀರಿ ನನ್ನ ಮುಂಗೈಗೆ ಇಳಿಯಿತು. ಅದೇ ಸಬಕಾರ, ಅದೇ ಬ್ರಶ್ಶು, ಅದೇ ದಡ್ಡ ಕೈ. ಅಪ್ಪ ವಾಟಗಾದೊಳಗೆ ಇಣುಕಿದರು. ಎಡಗೈಯಿಂದ ನಳ ತೋರಿಸಿದರು. “ನೀರ” ಅಂದರು.

ಎರಡು ವಾರ ನಾನು ಉತ್ತರವನ್ನು ತಂಬಿಗೆಯಲ್ಲಿ ತುಂಬಿ ಅವರಿಗೇ ಕುಡಿಸುತ್ತಿದ್ದೆ.

ಈ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ, ಆದರೂ ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ನೀರಿಗೆ ಎರಡು ಜಾತಿ. ಒಂದು ಸಿಹಿನೀರು, ಇನ್ನೊಂದು ಸವಳು ನೀರು. ಗದಗಿನ ಮನೆಗಳಿಗೆ ತುಂಗಭದ್ರೆಯ ನೀರು ನಳದಲ್ಲಿ ಬರುತ್ತದೆ, ಅದಕ್ಕೆ ಹೊಳೆ ನೀರು ಅನ್ನುತ್ತೇವೆ. ಆದರೆ ಅದು ಬರುವುದು ಅದಕ್ಕೆ ಮನಸ್ಸು ಬಂದಾಗ. ಬಂದ ದಿನ ಮನೆಯ ಕೊಡ, ಬಿಂದಿಗೆ, ಪಾತೇಲಿ ಎಲ್ಲ ತುಂಬಿಸಿ, ಅಡಿಗೆಗೆ, ಕುಡಿಯುವುದಕ್ಕೆ ಅಂತ ಅಡಿಗೆಮನೆಯಲ್ಲಿ ಮುಚ್ಚಿಡುತ್ತೇವೆ. ಜಳಕ, ಬಟ್ಟೆ, ಪಾತ್ರೆಗೆ ಬೋರಿನ ನೀರು. ಅದು ಸವಳು. ಕುಡಿದರೆ ನಾಲಿಗೆಯ ಮೇಲೆ ದಪ್ಪಗೆ ಕೂರುತ್ತದೆ. ಕಾಯಿಸಿದ ಹಂಡೆಯ ಒಳಗೆ ವರ್ಷಕ್ಕೊಂದು ಸುತ್ತು ಬಿಳಿ ಹಕ್ಕಳೆ ಕಟ್ಟುತ್ತದೆ. ನಳದ ಬಾಯಿಗೆ ಸುಣ್ಣದ ಮೀಸೆ ಬೆಳೆಯುತ್ತದೆ. ಸವಳು ಅನ್ನುವ ಶಬ್ದ ಮಣ್ಣಿಗೂ ಸಲ್ಲುತ್ತದೆ. ಬೆಳೆ ಬಾರದ ಕ್ಷಾರದ ನೆಲ ಸವಳು ನೆಲ, ಹಿಂದೆ ಅಗಸರು ಬಟ್ಟೆಯ ಕೊಳೆ ತೆಗೆಯಲು ಬಳಸುತ್ತಿದ್ದುದು ಸವಳು ಮಣ್ಣು.

ಧಾರವಾಡದ ನಳಕ್ಕೆ ಬರುವುದು ಮಲಪ್ರಭೆ. ಖಾನಾಪುರ ತಾಲೂಕಿನ ಕಣಕುಂಬಿಯ ಕಾಡಿನಲ್ಲಿ ಹುಟ್ಟಿ, ಸವದತ್ತಿ ಹತ್ತಿರ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ಅಮ್ಮಿನಭಾವಿಯಲ್ಲಿ ಸೋಸಿಕೊಂಡು ಬರುವ ನೀರು. ಮಲೆನಾಡಿನ ಮಳೆ ಬಂಡೆಯೊಳಗೆ ಇಳಿಯದೆ ಮೇಲ್ಮೇಲೆ ಹರಿದು ಬಂದದ್ದು. ಬೋರಿನ ನೀರು ಹಾಗಲ್ಲ. ಅದು ನೂರಾರು ಅಡಿ ಕೆಳಗೆ, ಕಲ್ಲಿನ ಸಂದಿಯಲ್ಲಿ ವರ್ಷಗಟ್ಟಲೆ ಕೂತು, ಕಲ್ಲನ್ನು ಸ್ವಲ್ಪ ಸ್ವಲ್ಪವೇ ನೆಕ್ಕಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೊಟ್ಟೆಗೆ ಹಾಕಿಕೊಂಡಿರುತ್ತದೆ.

ಇವೆರಡೇ ಸಬಕಾರದ ವೈರಿಗಳು. ಸಬಕಾರ ಅಂದರೆ ಕೊಬ್ಬಿನ ಆಮ್ಲಕ್ಕೆ ಕ್ಷಾರ ಕೂಡಿಸಿದ್ದು. ಸೋಡಿಯಂ ಕ್ಷಾರ ಹಾಕಿದರೆ ಗಟ್ಟಿ ವಡಿಯಾಗುತ್ತದೆ, ಪೊಟ್ಯಾಸಿಯಂ ಹಾಕಿದರೆ ಮೆತ್ತಗಾಗಿ ನೀರಲ್ಲಿ ಬೇಗ ಕರಗುತ್ತದೆ. ಮೈ ಸಬಕಾರ ಬಹುಪಾಲು ಸೋಡಿಯಂನದು. ಒಳ್ಳೆಯ ದಾಡಿ ಸಬಕಾರದಲ್ಲಿ ಎರಡೂ ಇರುತ್ತವೆ, ಮತ್ತು ಸ್ಟಿಯರಿಕ್ ಎಂಬ ಕೊಬ್ಬಿನ ಆಮ್ಲ ಧಾರಾಳವಾಗಿರುತ್ತದೆ. ಕೊಬ್ಬರಿ ಎಣ್ಣೆಯ ಸಬಕಾರ ಪಟಪಟನೆ ದೊಡ್ಡ ಗುಳ್ಳೆ ಎಬ್ಬಿಸಿ ಅಷ್ಟೇ ಬೇಗ ಸಾಯುತ್ತದೆ. ಸ್ಟಿಯರಿಕ್ಕಿನದು ನಿಧಾನ, ಆದರೆ ಒಮ್ಮೆ ಎದ್ದರೆ ಸಣ್ಣ ಸಣ್ಣ ಗುಳ್ಳೆಯಾಗಿ ಅಲ್ಲಾಡದೆ ನಿಲ್ಲುತ್ತದೆ. ಮೈ ಸಬಕಾರದ ನೊರೆಯಲ್ಲಿ ದಾಡಿ ಮಾಡಿಕೊಂಡವರಿಗೆ ಈ ವ್ಯತ್ಯಾಸ ಗಲ್ಲದ ಮೇಲೇ ಗೊತ್ತಾಗಿರುತ್ತದೆ.

ಸವಳು ನೀರು ಬಿದ್ದಾಗ ಆಗುವುದು ಇಷ್ಟು. ಕ್ಯಾಲ್ಸಿಯಂನ ಒಂದೊಂದು ಕಣಕ್ಕೂ ಎರಡೆರಡು ಕೈ. ಒಂದೊಂದು ಕೈಯಿಂದ ಒಂದೊಂದು ಸ್ಟಿಯರೇಟನ್ನು, ಅಂದರೆ ಸಬಕಾರದೊಳಗಿನ ಸ್ಟಿಯರಿಕ್ಕಿನ ಕಣವನ್ನು, ಹಿಡಿದುಕೊಂಡು ಬಿಡುತ್ತದೆ. ಹಾಗೆ ಹುಟ್ಟಿದ ಕ್ಯಾಲ್ಸಿಯಂ ಸ್ಟಿಯರೇಟು ನೀರಲ್ಲಿ ಕರಗುವುದಿಲ್ಲ, ಗುಳ್ಳೆ ಕಟ್ಟುವುದಿಲ್ಲ, ಬಿಳಿ ಕದಡಾಗಿ ತೇಲುತ್ತದೆ. ಬಕೀಟಿನ ಅಂಚಿಗೆ ಅಂಟುವ ಬೂದು ಜಿಡ್ಡು ಅದೇ. ನೀರಿನಲ್ಲಿರುವ ಕ್ಯಾಲ್ಸಿಯಂ ಪೂರ್ತಿ ತಿಂದು ಮುಗಿಸುವ ತನಕ ಸಬಕಾರಕ್ಕೆ ಬುರುಗು ಎಬ್ಬಿಸುವ ಪುರಸತ್ತಿಲ್ಲ. ಈ ಗುಣವನ್ನೇ ಹಿಡಿದು ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಥಾಮಸ್ ಕ್ಲಾರ್ಕ್ ಎಂಬಾತ 1840ರ ದಶಕದಲ್ಲಿ ನೀರಿನ ಗಡಸುತನ ಅಳೆಯುವ ವಿಧಾನ ಕಂಡುಹಿಡಿದ. ಉಪಾಯ ಸರಳ. ನೀರಿಗೆ ಅಳತೆ ಮಾಡಿದ ಸಬಕಾರದ ದ್ರಾವಣ ಹನಿಹನಿಯಾಗಿ ಹಾಕಿ ಅಲುಗಿಸುತ್ತ ಹೋಗು. ನೊರೆ ಎದ್ದು ನಿಲ್ಲುವುದಕ್ಕೆ ಎಷ್ಟು ಸಬಕಾರ ಬೇಕಾಯಿತೋ ನೀರು ಅಷ್ಟು ಗಡಸು. ಈಗ ನಮ್ಮ ದೇಶದ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದ ಕಡೆ 600ರ ತನಕ ನಡೆಯುತ್ತದೆ. ನಮ್ಮ ಬೋರಿನದು ಎಷ್ಟು ಅಂತ ನಾನು ಅಳೆಸಿಲ್ಲ. ಫಿಲ್ಟರ್ ಮಾರಲು ಬಂದ ಹುಡುಗ ಒಮ್ಮೆ ಅದರಲ್ಲಿ ಪೆನ್ನಿನಂಥ ಮೀಟರು ಅದ್ದಿ, ಯಾರೋ ಸತ್ತ ಸುದ್ದಿ ತಂದವನ ಮುಖ ಮಾಡಿದ್ದ.

ಗದಗಿಗೆ ವಾಪಸು ಬಂದ ದಿನ ಅವ್ವನಿಗೆ ಕೇಳಿದೆ, “ಅಪ್ಪ ದಾಡಿಗೆ ಯಾವ ನೀರು ತಗೋತಿದ್ರು ಬೇ?”

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. “ನನ್ನ ಬ್ಯಾಳಿ ನೀರ. ನಾ ಮದುವಿಯಾಗಿ ಬಂದಾಗಿಂದ ದಿನಾ ಒಂದೊಂದ ವಾಟಗಾ ಕದ್ದಾರ ನಿಮ್ಮಪ್ಪ.”

ಆಗ ನೆನಪಾಯಿತು. ಸಣ್ಣವನಿದ್ದಾಗ ಮುಂಜಾನೆಯ ಜಗಳಗಳಲ್ಲಿ ಇದೂ ಒಂದು. ಆಗ ನಳ ಇರಲಿಲ್ಲ. ಸಿಹಿನೀರಿನ ಬಾವಿಯಿಂದ ಅವ್ವ, ಅಕ್ಕ ಕೊಡದ ಮೇಲೆ ಕೊಡ ಇಟ್ಟು ತರುತ್ತಿದ್ದರು. ಸವಳು ನೀರಲ್ಲಿ ತೊಗರಿಬೇಳೆ ಬೇಯುವುದಿಲ್ಲ, ಎಷ್ಟು ಕುದಿಸಿದರೂ ಕಲ್ಲಿನಂತೆ ಕಟಕಟ ಅನ್ನುತ್ತದೆ. ಹಾಗಾಗಿ ಆ ಒಂದು ಕೊಡ ಬೇಳೆಗೆ, ಕುಡಿಯಲಿಕ್ಕೆ ಮೀಸಲು. ಅಪ್ಪ ಸದ್ದಿಲ್ಲದೆ ಬಂದು ಅದರಲ್ಲೇ ವಾಟಗಾ ಅದ್ದಿಕೊಂಡು ಹೋಗುತ್ತಿದ್ದರು. ಅವ್ವ “ಗಡ್ಡಕ್ಕ ಸಿಹಿನೀರ ಬೇಕೇನ್ರಿ, ಮಕ್ಕಳ ಬಾಯಿಗೆ ಸವಳೇನು?” ಅಂತ ಕೂಗುತ್ತಿದ್ದಳು. ಅಪ್ಪ ಉತ್ತರ ಕೊಡುತ್ತಿರಲಿಲ್ಲ, ಅಷ್ಟರಲ್ಲಿ ಅವರ ಮುಖದ ತುಂಬ ಬುರುಗು ಇರುತ್ತಿತ್ತು. ನಾನು ಆಗ ಅವ್ವನ ಪಕ್ಷ. ಬೇಳೆಯೊಳಗಿನ ಪೆಕ್ಟಿನ್ ಎಂಬ ಅಂಟಿಗೆ ಕ್ಯಾಲ್ಸಿಯಂ ಬೆಸುಗೆ ಹಾಕಿ ಗಟ್ಟಿ ಮಾಡುವುದರಿಂದಲೇ ಅದು ಬೇಯುವುದಿಲ್ಲ ಅಂತ ಈಗ ಓದಿಕೊಂಡಿದ್ದೇನೆ. ಅಂದರೆ ಅವ್ವನ ಬೇಳೆಗೂ ಅಪ್ಪನ ಬುರುಗಿಗೂ ವೈರಿ ಒಬ್ಬನೇ ಆಗಿದ್ದ. ಇಬ್ಬರೂ ಒಂದೇ ಕೊಡಕ್ಕೆ ಕೈ ಹಾಕಿ ಅಷ್ಟು ವರ್ಷ ಜಗಳ ಆಡಿದ್ದಾರೆ.

ಒಂಬತ್ತನೇ ಇಯತ್ತೆ ಓದುವ ಮಗಳನ್ನು ಕೂಡಿಸಿಕೊಂಡು ಒಂದು ಭಾನುವಾರ ಪರೀಕ್ಷೆ ಮಾಡಿದೆ. ನಾಲ್ಕು ಗಾಜಿನ ಬಾಟಲಿ. ಒಂದರಲ್ಲಿ ಬೋರಿನ ನೀರು, ಒಂದರಲ್ಲಿ ಬೋರಿನದೇ ಕುದಿಸಿ ಆರಿಸಿ ಸೋಸಿದ್ದು, ಒಂದರಲ್ಲಿ ಹೊಳೆ ನೀರು, ಇನ್ನೊಂದರಲ್ಲಿ ಓಣಿಯ ಶುದ್ಧ ನೀರಿನ ಘಟಕದಿಂದ ನಾಣ್ಯ ಹಾಕಿ ತಂದ ಕ್ಯಾನಿನ ನೀರು. ನಾಲ್ಕಕ್ಕೂ ಅಷ್ಟಷ್ಟೇ ಸಬಕಾರದ ತುರಿ ಹಾಕಿ ಹತ್ತು ಸಲ ಅಲುಗಿಸಿದೆವು. ಬೋರಿನದು ಮಜ್ಜಿಗೆಯಾಯಿತು, ನೊರೆ ಇಲ್ಲ. ಕುದಿಸಿದ್ದು ಬೆರಳಗಲ ನೊರೆ ಕೊಟ್ಟಿತು. ಹೊಳೆಯದು ಮೂರು ಬೆರಳು. ಕ್ಯಾನಿನದು ಮುಚ್ಚಳಕ್ಕೆ ಬಂದು ತಾಗಿತು. ಕುದಿಸಿದರೆ ಬೈಕಾರ್ಬೊನೇಟಿನ ರೂಪದ ಸುಣ್ಣ ಮಾತ್ರ ತಳಕ್ಕೆ ಕೂರುತ್ತದೆ, ಸಲ್ಫೇಟು, ಕ್ಲೋರೈಡಿನದು ನೀರಲ್ಲೇ ಉಳಿಯುತ್ತದೆ. ಪಾಠದಲ್ಲಿ ಬಂದಿದ್ದ ತಾತ್ಕಾಲಿಕ ಗಡಸುತನ, ಶಾಶ್ವತ ಗಡಸುತನ ಅಂದರೆ ಇದೇ ಅಂತ ಮಗಳಿಗೆ ಅಂದು ತಿಳಿಯಿತಂತೆ. ನನಗೂ ಅಂದೇ ತಿಳಿಯಿತು ಅನ್ನುವುದನ್ನು ಅವಳಿಗೆ ಹೇಳಲಿಲ್ಲ.

ಅತಿಬುದ್ಧಿಯ ಪ್ರಸಂಗವೊಂದೂ ನಡೆಯಿತು. ನಿಂಬೆಹುಳಿ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ ಅಂತ ಎಲ್ಲೋ ಓದಿದ್ದೆ. ಒಂದು ದಿನ ಬೋರಿನ ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿ ಬ್ರಶ್ಶು ಅದ್ದಿದೆ. ಸಬಕಾರ ಒಡೆದುಹೋಯಿತು. ಹುಳಿ ಹೆಚ್ಚಾದರೆ ಸಬಕಾರದ ಕ್ಷಾರ ಬಿಟ್ಟುಹೋಗಿ ಬರೀ ಕೊಬ್ಬಿನಾಮ್ಲ ಉಳಿಯುತ್ತದೆ, ಅದು ಗಂಟುಗಂಟಾಗಿ ತೇಲುತ್ತದೆ. ವಾಟಗಾದಲ್ಲಿ ಒಡೆದ ಹಾಲಿನ ಗಿಣ್ಣದಂಥದ್ದು ನೋಡಿ ಅಪ್ಪ ನಕ್ಕರು. ಲಕ್ವಾ ಹೊಡೆದ ಮೇಲೆ ಅವರು ನಗುವುದು ನೋಡಿದ್ದು ಅಂದೇ, ಬಾಯಿಯ ಎಡಗಡೆ ಮಾತ್ರ ಮೇಲೇರಿತ್ತು. ನಿಂಬೆಹಣ್ಣು ದಂಡವಾಯಿತು ಅಂತ ನನಗೆ ಅನಿಸಲಿಲ್ಲ.

ನೀರು ಸಿಕ್ಕಿತು ಅಂದಮಾತ್ರಕ್ಕೆ ಹದ ಸಿಕ್ಕಲಿಲ್ಲ. ಅದನ್ನು ಅಪ್ಪ ಎಡಗೈಯಿಂದ ಕಲಿಸಿದರು. ತೋರುಬೆರಳು ಗಿರಗಿರ ತಿರುಗಿದರೆ “ಇನ್ನೂ ತಿರುವು”. ಅಂಗೈ ಅಡ್ಡ ಹಿಡಿದರೆ “ಸಾಕು”. ಬೆರಳುಗಳನ್ನು ಒಟ್ಟುಗೂಡಿಸಿ ಚಿಮುಕಿಸಿದರೆ “ನಾಲ್ಕು ಹನಿ ನೀರು”. ಮಾತಿದ್ದಾಗ ನನಗೆ ಅವರು ಕಲಿಸಿದ್ದು ಬಹಳ ಇಲ್ಲ. ನಾನೂ ಕಲಿಯಲು ಕೂತವನಲ್ಲ.

ಮೊದಲ ತಪ್ಪು ನನ್ನ ಅವಸರ. ಬ್ರಶ್ಶನ್ನು ಅದ್ದಿದೊಡನೆ ತಿರುವುತ್ತಿದ್ದೆ. ಹಂದಿ ಕೂದಲು ನೀರು ಕುಡಿಯುವ ಕೂದಲು, ಒಣಗಿದ್ದಾಗ ಕಸಬರಿಗೆ ಕಡ್ಡಿಯಂತೆ ಬಿರುಸು. ಐದು ನಿಮಿಷ ಬೆಚ್ಚಗಿನ ನೀರಲ್ಲಿ ನೆನೆದರೆ ತುದಿ ಮೆತ್ತಗಾಗಿ ಬಾಗುತ್ತದೆ. ಒಣ ಬ್ರಶ್ಶು ಬುರುಗಿನ ನೀರನ್ನೇ ಹೀರಿಕೊಳ್ಳುತ್ತದೆ. ಎಬ್ಬಿಸಿದ್ದೆಲ್ಲ ಬ್ರಶ್ಶಿನ ಹೊಟ್ಟೆಗೆ ಹೋಗಿ, ಗಲ್ಲಕ್ಕೆ ಬರುವುದು ಬರೀ ಅಂಟು. ದುರ್ಗದಬೈಲಿನಿಂದ ತಂದ ಹೊಸ ಬ್ರಶ್ಶಿಗಿಂತ ಅಪ್ಪನ ಹಳೆಯದೇ ಮೇಲು ಅನ್ನುವುದೂ ಆಗ ತಿಳಿಯಿತು. ಬಳಸುತ್ತ ಬಳಸುತ್ತ ಈ ಕೂದಲಿನ ತುದಿ ಸೀಳಿ ಎರಡು ಮೂರು ಎಳೆಯಾಗುತ್ತದೆ, ಆಮೇಲೆ ಅದು ರೇಷ್ಮೆ.

ನೆಂದ ಬ್ರಶ್ಶನ್ನು ಮೂರು ಸಲ ಜಾಡಿಸಿ, ಹನಿ ತೊಟ್ಟಿಕ್ಕದಷ್ಟು ತೇವ ಉಳಿಸಿಕೊಂಡು ಸಬಕಾರದ ಮೇಲೆ ಇಡಬೇಕು. ಎರಡನೆಯ ತಪ್ಪು ಇಲ್ಲಿತ್ತು. ನಾನು ಹತ್ತು ಸುತ್ತಿಗೆ ಗುಳ್ಳೆ ಕಂಡು ಖುಷಿಯಾಗಿ ಎತ್ತಿಬಿಡುತ್ತಿದ್ದೆ. ಅಪ್ಪನ ಬೆರಳು ತಿರುಗುತ್ತಲೇ ಇತ್ತು. ಮೊದಲು ಬರುವ ಗುಳ್ಳೆ ಸಾಬೂನು ನೀರಿನ ಗುಳ್ಳೆ, ಅದನ್ನು ನಂಬಬಾರದು. ಇಪ್ಪತ್ತು ಮೂವತ್ತು ಸುತ್ತಿನ ಮೇಲೆ ಗುಳ್ಳೆ ಮಾಯವಾಗಿ ಸಬಕಾರ ಬ್ರಶ್ಶಿನ ತುದಿಗೆ ಬೆಣ್ಣೆಯಂತೆ ಮೆತ್ತಿಕೊಳ್ಳಲು ಶುರುವಾಗುತ್ತದೆ. ಸದ್ದು ಬದಲಾಗುತ್ತದೆ. ಮೊದಲು ಪಚಪಚ ಅನ್ನುತ್ತಿದ್ದದ್ದು ತಗ್ಗಿ ತಗ್ಗಿ ಮೌನವಾಗುತ್ತದೆ. ಆಗ ಬ್ರಶ್ಶಿನಲ್ಲಿ ಬುರುಗಿಗೆ ಬೇಕಾದಷ್ಟು ಸಬಕಾರ ಸೇರಿದೆ ಅಂತ ಅರ್ಥ. ಆಮೇಲೆ ನೀರು, ಹನಿಹನಿಯಾಗಿ. ನಾಲ್ಕು ಹನಿ ಚಿಮುಕಿಸು, ತಿರುವು, ಮತ್ತೆ ನಾಲ್ಕು ಹನಿ. ಜೋಳದ ಹಿಟ್ಟಿಗೆ ಎಸರು ಹಾಕಿ ನಾದುವವರಿಗೆ ಈ ಲೆಕ್ಕ ಹೇಳಿಕೊಡಬೇಕಿಲ್ಲ. ಒಂದೇ ಸಲಕ್ಕೆ ಸುರಿದರೆ ಹಿಟ್ಟು ಅಂಬಲಿಯಾಗುತ್ತದೆ, ಕಡಿಮೆಯಾದರೆ ರೊಟ್ಟಿ ಬಡಿಯುವಾಗಲೇ ಅಂಚು ಬಿರಿಯುತ್ತದೆ.

ಹದ ಬಂದದ್ದು ಕಣ್ಣಿಗೆ ಕಾಣುತ್ತದೆ. ನೀರು ಕಡಿಮೆಯಿದ್ದ ಬುರುಗು ಸುಣ್ಣದಂತೆ ಬೆಳ್ಳಗೆ, ಕಾಂತಿಯಿಲ್ಲದೆ ಇರುತ್ತದೆ, ನೋಡಲು ದಪ್ಪಗಿದ್ದು ಮೋಸ ಮಾಡುತ್ತದೆ. ಎರಡು ನಿಮಿಷಕ್ಕೆ ಗಲ್ಲದ ಮೇಲೆ ಒಣಗಿ ಬ್ಲೇಡನ್ನು ಹಿಡಿಯುತ್ತದೆ. ನೀರು ಹೆಚ್ಚಾದರೆ ಕಣ್ಣಿಗೆ ಕಾಣುವಷ್ಟು ದೊಡ್ಡ ಗುಳ್ಳೆ ಎದ್ದು ಚಟಚಟ ಒಡೆಯುತ್ತದೆ. ನಡುವಿನ ಹದಕ್ಕೆ ಒಂದು ಹೊಳಪಿದೆ, ಹೊಸ ಬೆಣ್ಣೆಯ ಮೇಲಿನ ತೇವದಂಥದು. ಗುಳ್ಳೆ ಒಂದೂ ಕಾಣುವುದಿಲ್ಲ. ಬ್ರಶ್ಶು ಎತ್ತಿದರೆ ತುದಿಗೆ ಸಣ್ಣ ಕೊಂಬು ನಿಂತು ಬಾಗುತ್ತದೆ. ಅಪ್ಪ ಅದನ್ನೂ ನಂಬುವುದಿಲ್ಲ. ಚೂರು ಬುರುಗು ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ತಿಕ್ಕಿ ನೋಡುತ್ತಾರೆ. ಜಾರಿದರೆ ಸೈ, ಅಂಟಿದರೆ ಬೆರಳು ಚಿಮುಕಿಸುತ್ತಾರೆ.

ನಿಜಕ್ಕೂ ಬುರುಗಿನ ಕೆಲಸ ಏನು ಅಂತ ನನಗೆ ಗೊತ್ತಾದದ್ದು ಅವ್ವ ಹೇಳಿದ ಇನ್ನೊಂದು ಮಾತಿನಿಂದ. ಅಪ್ಪನ ಊರು ಡಂಬಳದ ಕಡೆ. ಅಲ್ಲಿ ಕ್ಷೌರ ಮಾಡುವ ಹಡಪದ ಅಜ್ಜ ಒಬ್ಬರು ಇದ್ದರು. ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯ ಒಯ್ಯುವವರು, ಅವರಿಗೆ ದುಡ್ಡಿನ ಲೆಕ್ಕವಿಲ್ಲ. ಬೇವಿನ ಗಿಡದ ಕೆಳಗೆ ಹಡಪ ಬಿಚ್ಚಿದರೆ ಅದರಲ್ಲಿ ಕತ್ತಿ, ಸಾಣೆಕಲ್ಲು, ತೊಗಲಿನ ಪಟ್ಟಿ, ಒಂದು ಬಟ್ಟಲು. ಸಬಕಾರ ಇಲ್ಲ, ಬ್ರಶ್ಶೂ ಇಲ್ಲ. ಬಟ್ಟಲಲ್ಲಿ ಬೆರಳು ಅದ್ದಿ ಗಡ್ಡಕ್ಕೆ ನೀರು ಹಚ್ಚಿ ತಿಕ್ಕುತ್ತಿದ್ದರಂತೆ. ಊರ ಸುದ್ದಿಯೆಲ್ಲ ಮುಗಿಯುವ ತನಕ ತಿಕ್ಕುತ್ತಿದ್ದರಂತೆ. ಆಮೇಲೆ ಕತ್ತಿ ಇಟ್ಟರೆ ಸರ್ರನೆ ಇಳಿಯುತ್ತಿತ್ತು. ಒಣಗಿದ ಗಡ್ಡದ ಕೂದಲು ಗಟ್ಟಿ, ಎರಡು ಮೂರು ನಿಮಿಷ ನೀರು ಕುಡಿದರೆ ಉಬ್ಬಿ ಮೆತ್ತಗಾಗುತ್ತದೆ, ಅಷ್ಟೇ ಸಂಗತಿ. ಕೊಯ್ಯುವುದಕ್ಕೆ ಅನುವು ಮಾಡಿಕೊಡುವುದು ನೀರು. ಬರೀ ನೀರು ಮುಖದ ಮೇಲೆ ನಿಲ್ಲುವುದಿಲ್ಲ, ಹರಿದು ಹೋಗುತ್ತದೆ, ಆರಿ ಹೋಗುತ್ತದೆ. ಹಡಪದ ಅಜ್ಜ ಅದನ್ನು ಬೆರಳಿನಿಂದ ಮತ್ತೆ ಮತ್ತೆ ತಂದು ನಿಲ್ಲಿಸುತ್ತಿದ್ದರು. ಬುರುಗು ಅದೇ ನೀರನ್ನು ಸಾವಿರ ಗುಳ್ಳೆಗಳ ಗೋಡೆಯಲ್ಲಿ ಹಿಡಿದು ಗಲ್ಲದ ಮೇಲೆ ಕೂಡಿಸುತ್ತದೆ, ಬ್ಲೇಡು ಜಾರಲು ದಾರಿಯನ್ನೂ ಮಾಡುತ್ತದೆ. ಅಜ್ಜನ ಬಟ್ಟಲಿಗೆ ಸವಳು ನೀರಾದರೂ ನಡೆಯುತ್ತಿತ್ತು. ಸಬಕಾರವೇ ಇಲ್ಲದ ಮೇಲೆ ಕ್ಯಾಲ್ಸಿಯಂ ಯಾರ ಕೈ ಹಿಡಿಯಬೇಕು? ಅಪ್ಪ ಊರು ಬಿಟ್ಟು ಗದಗಿಗೆ ಬಂದು, ಪೇಟೆಯವರಂತೆ ಸಬಕಾರ ಕೊಂಡಾಗಲೇ ಅವ್ವನ ಕೊಡಕ್ಕೆ ಕುತ್ತು ಬಂದದ್ದು.

ಈಗ ನಾನೂ ಅದೇ ವಾಟಗಾದಲ್ಲಿ ದಾಡಿ ಮಾಡಿಕೊಳ್ಳುತ್ತೇನೆ, ಅಪ್ಪನದು ಮುಗಿದ ಮೇಲೆ ಉಳಿದ ಬುರುಗಿನಲ್ಲಿ. ಬ್ಲೇಡು ಮಾತ್ರ ಬೇರೆ ಬೇರೆ. ರೈಲು ಎರಡು ಸಲ ತಪ್ಪಿದೆ. ಕ್ಯಾನಿನ ನೀರು ದಾಡಿಗೆ ಸುರಿಯುತ್ತೇನೆ ಅಂತ ನನ್ನ ಹೆಂಡತಿ ಒಂದು ದಿನ ದನಿ ಏರಿಸಿದಳು. ಅವ್ವ ಒಳಗಿನಿಂದಲೇ “ಬೈಯವ್ವಾ, ಬೈ. ನನ್ನ ಬಾಯಿ ಸೋತದ” ಅಂದಳು.

ಬೇಸಿಗೆಯಲ್ಲಿ ನಳ ಇನ್ನೂ ದೂರವಾಯಿತು. ಹೊಳೆ ನೀರನ್ನು ದಾಡಿಗೆ ಮುಟ್ಟಲು ನನಗೇ ಮನಸ್ಸಾಗಲಿಲ್ಲ, ಕುದಿಸಿ ಸೋಸಿದ ಬೋರಿನ ನೀರಿಗೆ ಇಳಿದೆ. ಸಬಕಾರ ಎರಡು ಪಟ್ಟು ಸವೆಯಿತು, ಬುರುಗು ಅರೆಬರೆ. ಅಪ್ಪ ದಿನ ಬಿಟ್ಟು ದಿನ ಸಾಕು ಅನ್ನುವ ಹಾಗೆ ಕೈಯಾಡಿಸಿದರು.

ಜೂನಿನಲ್ಲಿ ಮಿರಗದ ಮಳೆ ಬಂತು. ಮೊದಲ ಮಳೆ ತಗಡಿನ ಮೇಲಿನ ಧೂಳು ತೊಳೆದುಕೊಂಡು ಹೋಗಲಿ ಅಂತ ಬಿಟ್ಟೆವು. ಎರಡನೆಯದು ರಾತ್ರಿಯೆಲ್ಲ ಸುರಿಯಿತು. ಅವ್ವ ಹಿತ್ತಲಿನ ತಗಡಿನ ಅಂಚಿಗೆ ತಾಮ್ರದ ಕೊಡ ಇಟ್ಟು ಬಾಯಿಗೆ ಬಿಳಿ ಅರಿವೆ ಕಟ್ಟಿದ್ದಳು. ಬೆಳಿಗ್ಗೆ ಕೊಡ ತುಂಬಿ ತುಳುಕುತ್ತಿತ್ತು. ಆಕಾಶದಿಂದ ನೇರವಾಗಿ ಬಂದದ್ದು, ಕಲ್ಲು ನೆಕ್ಕಿದ್ದಲ್ಲ. ಅವ್ವ ಬೇಳೆಗೆ ಎರಡು ತಂಬಿಗೆ ತೆಗೆದುಕೊಂಡಳು. ಆಮೇಲೆ ವಾಟಗಾ ಇಸಿದುಕೊಂಡು, ತಾನೇ ಅದ್ದಿ ತುಂಬಿ, ನನ್ನ ಕೈಗೆ ಕೊಟ್ಟಳು.

ಹಿತ್ತಲ ಕಟ್ಟೆಯ ಮೇಲೆ ಅಪ್ಪನನ್ನು ಕೂಡಿಸಿದೆ. ಬ್ರಶ್ಶು ನೆನೆಯುವಷ್ಟು ಹೊತ್ತು ಇಬ್ಬರೂ ಸುಮ್ಮನೆ ಕೂತೆವು. ನುಗ್ಗೆ ಗಿಡದಿಂದ ಹನಿ ಬೀಳುತ್ತಿತ್ತು. ಇಪ್ಪತ್ತೈದು ಸುತ್ತಿಗೇ ಸಬಕಾರ ಮೆತ್ತಿಕೊಂಡಿತು. ಹನಿ ಹಾಕಿದಷ್ಟೂ ಬುರುಗು ಉಬ್ಬುತ್ತ ಹೋಯಿತು, ಹೊಳೆಯುತ್ತ ಹೋಯಿತು. ಅಪ್ಪನ ಬೆರಳು ಒಂದು ಸಲವೂ ತಿರುಗಲಿಲ್ಲ, ಚಿಮುಕಿಸಲಿಲ್ಲ. ಗಲ್ಲ, ಗದ್ದ, ಮೂಗಿನ ಕೆಳಗೆ, ಕುತ್ತಿಗೆ, ಎಲ್ಲ ಕಡೆ ಬ್ರಶ್ಶಿನಿಂದ ಸುತ್ತು ತಿರುವಿ ಹಚ್ಚಿ, ಮೂರು ನಿಮಿಷ ಬಿಟ್ಟು, ಬ್ಲೇಡು ಇಳಿಸಿದೆ. ಸದ್ದೇ ಇಲ್ಲ. ಲಕ್ವಾ ಹೊಡೆದ ಬಲಗಲ್ಲ ಸ್ವಲ್ಪ ಜೋತುಬಿದ್ದಿದೆ, ಅಲ್ಲಿ ಚರ್ಮ ಎಳೆದು ಹಿಡಿಯಬೇಕು. ಅದನ್ನೂ ದಾಟಿದೆ. ಒಂದು ಗೀರೂ ಬೀಳಲಿಲ್ಲ. ಮಳೆ ನೀರಲ್ಲೇ ಮುಖ ತೊಳೆದು ಟವೆಲ್ಲಿನಿಂದ ಒರೆಸಿದೆ.

ಅಪ್ಪ ಎಡ ಅಂಗೈಯನ್ನು ಗಲ್ಲದ ಮೇಲೆ ಇಟ್ಟು ಮೇಲಿನಿಂದ ಕೆಳಗೆ ಎಳೆದರು. ಆಮೇಲೆ ಕೆಳಗಿನಿಂದ ಮೇಲೆ. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಬೆರಳು ಬಲಗಡೆ ದವಡೆಯ ಮೂಲೆಗೆ, ಕಿವಿಯ ಕೆಳಗೆ ಹೋಗಿ ನಿಂತಿತು. ಮತ್ತೊಮ್ಮೆ ಮುಟ್ಟಿ ನೋಡಿದರು.

“ಇಲ್ಲೆ” ಅಂದರು.